ಹೊಗೆ ಕಲಿಸಿದ ಕೆಮಿಸ್ಟ್ರಿ

ಕೆಮಿಸ್ಟ್ರಿ ಕಲಿಸುವವರ ಬದುಕಿನಲ್ಲಿ ಸ್ಫೋಟಗಳು ತಪ್ಪಿದ್ದಲ್ಲ. ಆದರೆ ನಾನಿದ್ದ ಕಾಲೇಜಿನ ಲ್ಯಾಬಿನಲ್ಲಿ ಸ್ಫೋಟ ಆಗುವಷ್ಟು ಸಾಮಾನೇ ಇರಲಿಲ್ಲ. ಹಾಗಾಗಿ ಆದದ್ದೆಲ್ಲ ನಗುವಿನ ಸ್ಫೋಟವೇ, ಅದೂ ವಾರಕ್ಕೊಂದಾದರೂ. ಈಗ ನಾನು ನಿವೃತ್ತಳು. ಮನೆಯಲ್ಲಿ ಒಲೆ ಹಚ್ಚಿದಾಗಲೆಲ್ಲ ಅದರಲ್ಲಿ ಯಾವುದಾದರೊಂದು ನೆನಪಾಗಿ ಒಬ್ಬಳೇ ನಗುತ್ತೇನೆ. ನಮ್ಮ ಮನೆಯವರು ಅಡುಗೆಮನೆಗೆ ಇಣುಕಿ, "ಗ್ಯಾಸ್ ಸೋರಾಕತ್ತೈತೇನು?" ಅಂತ ಕೇಳುತ್ತಾರೆ.

ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದಿದ್ದ ವರ್ಷಗಳು ಅವು. ನಾನು ದಿನಾ ಹೊಸಪೇಟೆಯಿಂದ ಸಂಡೂರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಮುಂದೆ ಅದಿರು ಲಾರಿ, ಹಿಂದೆ ಅದಿರು ಲಾರಿ, ನಡುವೆ ನಮ್ಮ ಬಸ್ಸು. ಕಿಟಕಿ ತೆಗೆದರೆ ಕೆಂಪು ಧೂಳು, ಮುಚ್ಚಿದರೆ ಸೆಕೆ. ತಿಳಿ ಬಣ್ಣದ ಸೀರೆ ಉಡುವ ಆಸೆಯನ್ನು ಮೊದಲನೇ ವಾರವೇ ಕೈಬಿಟ್ಟಿದ್ದೆ.

ಹೆಣ್ಣುಮಕ್ಕಳ ಪಿಯು ಕಾಲೇಜು ಅದು. ಸೈನ್ಸ್ ಸೆಕ್ಷನ್ನಿನಲ್ಲಿ ಇಪ್ಪತ್ತಾರು ಹುಡುಗಿಯರು. ಎಲ್ಲರೂ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದವರು. ಇಲ್ಲಿ ಒಮ್ಮೆಗೇ ಇಂಗ್ಲಿಷ್ ಪುಸ್ತಕ, ಅದರ ಮೇಲೆ ಅಣು, ಪರಮಾಣು, ಮೋಲು. ಪಾಪ, ಮುಖಗಳೆಲ್ಲ ಬಿಸಿಲಿಗಿಟ್ಟ ಸಂಡಿಗೆಯ ಹಾಗೆ ಒಣಗಿರುತ್ತಿದ್ದವು. ನಾನು ಕೆಲಸಕ್ಕೆ ಸೇರಿದ ದಿನವೇ ಪ್ರಿನ್ಸಿಪಾಲರು ಕರೆದು ಕೂರಿಸಿದರು.

"ಮೇಡಂ, ಹ್ವಾದ ವರ್ಷದ ಕೆಮಿಸ್ಟ್ರಿ ರಿಸಲ್ಟ್ ನೋಡಿದ್ರ ಕಣ್ಣಾಗ ನೀರು ಬರ್ತಾವು. ಈ ಬ್ಯಾಚೂ ಹಂಗ ಆತಂದ್ರ ಇಲ್ಲಿ ಸೈನ್ಸ್ ಮುಚ್ಚಿ ಹೊಸಪೇಟಿಗೆ ಸೇರಿಸ್ತಾರಂತ. ಹೊಸಪೇಟಿಗೆ ಹೋದ್ರ ಈ ಹುಡಿಗ್ಯಾರು ಬರ್ತಾರೇನ್ರಿ?"

ಬರುವುದಿಲ್ಲ ಅಂತ ನನಗೂ ಗೊತ್ತಿತ್ತು. ಆ ಲಾರಿಗಳ ರಸ್ತೆಯಲ್ಲಿ ಮಗಳನ್ನು ದಿನಾ ಕಳಿಸುವ ಧೈರ್ಯ ಯಾರಿಗಿದ್ದೀತು? ಸೆಕ್ಷನ್ ಮುಚ್ಚಿದರೆ ಅರ್ಧ ಹುಡುಗಿಯರಿಗೆ ಆ ವರ್ಷವೇ ಮದುವೆ.

ಎರಡನೇ ವಾರ. ಬೋರ್ಡಿನ ಮೇಲೆ ಮೀಥೇನ್ ಉರಿಯುವ ಸಮೀಕರಣ ಬರೆಯುತ್ತಿದ್ದೆ. ಹಿಂದಿನ ಬೆಂಚಿನಿಂದ ಒಂದು ಆಕಳಿಕೆ ಶುರುವಾಗಿ ಮುಂದಿನ ಬೆಂಚಿನವರೆಗೆ ಬಂತು. ಅಷ್ಟರಲ್ಲಿ ಹೊರಗೆ ಒಂದು ಲಾರಿ ಏರು ಹತ್ತಲಾರದೆ ಗರ್ರೆಂದು ಕಪ್ಪು ಹೊಗೆಯನ್ನು ಕಿಟಕಿಯೊಳಗೇ ಬಿಟ್ಟಿತು. ಇಪ್ಪತ್ತಾರು ದುಪಟ್ಟಾಗಳು ಇಪ್ಪತ್ತಾರು ಮೂಗಿಗೆ ಹೋದವು. ನಾನು ಸೀಮೆಸುಣ್ಣ ಕೆಳಗಿಟ್ಟು, "ಈ ಹೊಗೆಯೊಳಗ ಏನೈತಿ, ಯಾರಾದ್ರೂ ಹೇಳ್ತೀರೇನು?" ಅಂದೆ.

ಆಕಳಿಕೆ ನಿಂತಿತು. ಅವತ್ತಿನಿಂದ ನಾನು ಪುಸ್ತಕದಿಂದ ಹೊಗೆಗೆ ಹೋಗುವುದನ್ನು ಬಿಟ್ಟು, ಹೊಗೆಯಿಂದ ಪುಸ್ತಕಕ್ಕೆ ಬರುವುದನ್ನು ಶುರುಮಾಡಿದೆ. ಒಲೆ, ಲಾರಿ, ಕಲ್ಲಿದ್ದಲು, ಡ್ಯಾಮಿನ ಕರೆಂಟು, ಯಾಕೆ ವರ್ಷದಿಂದ ವರ್ಷಕ್ಕೆ ಬಿಸಿಲು ಜೋರಾಗುತ್ತಿದೆ ಅನ್ನುವುದು, ಎಲ್ಲದರೊಳಗೂ ಕೆಮಿಸ್ಟ್ರಿ ಹುಡುಕಿದೆವು. ಹುಡುಕುವಾಗ ಆದದ್ದಿಷ್ಟು.

ಕೆಂಪಾದ ಲಿಟ್ಮಸ್

ಮೊದಲ ಕಿರುಪರೀಕ್ಷೆ. ಕಲ್ಲಿದ್ದಲು ಸುಟ್ಟಾಗ ಬರುವ ಗಂಧಕದ ಅನಿಲ ನೀರಿನಲ್ಲಿ ಬೆರೆತರೆ ಆಮ್ಲ ಆಗುತ್ತದೆ, ಆಮ್ಲದಲ್ಲಿ ನೀಲಿ ಲಿಟ್ಮಸ್ ಕಾಗದ ಕೆಂಪಾಗುತ್ತದೆ ಅಂತ ವಾರವಿಡೀ ಹೇಳಿದ್ದೆ. ಲಿಂಬೆಹಣ್ಣು ಹಿಂಡಿ ತೋರಿಸಿಯೂ ಇದ್ದೆ. ಎಷ್ಟು ಸುಲಭದ ಪ್ರಶ್ನೆ ಕೊಟ್ಟೆನೆಂದರೆ, ನನಗೇ ನಾಚಿಕೆಯಾಗಿತ್ತು: "ನೀಲಿ ಲಿಟ್ಮಸ್ ಕೆಂಪಾದರೆ ಅದರಿಂದ ಏನು ತಿಳಿಯುತ್ತದೆ?"

ಕುರೆಕುಪ್ಪದಿಂದ ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳಪ್ಪ ಲಾರಿ ಮೆಕ್ಯಾನಿಕ್. ಚಿಕ್ಕಂದಿನಿಂದ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಬೆಳೆದವಳು. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಇರುತ್ತಿತ್ತು, ಅದಕ್ಕೇ ಕೈಯನ್ನು ಸದಾ ದುಪಟ್ಟಾದ ಕೆಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು. ಅವಳ ಉತ್ತರಪತ್ರಿಕೆಯಲ್ಲಿ ಹೀಗಿತ್ತು: "ಲಿಟ್ಮಸ್ ಕಾಗದವನ್ನು ಯಾರೋ ಒಂದು ತಾಸು ಹೊರಗೆ ಮರೆತು ಬಂದಿದ್ದಾರೆಂದು ತಿಳಿಯುತ್ತದೆ."

ಕರೆದು ಕೇಳಿದೆ. "ಏನವ್ವಾ ಇದು?"

"ಮತ್ತ ಏನ್ರಿ ಮೇಡಂ? ನಮ್ಮ ಅಂಗಳದಾಗ ಬಿಳೇ ಕೋಳಿ ಕೆಂಪಾಗ್ಯಾವು, ನಿಂಬಿಗಿಡ ಕೆಂಪಾಗೈತಿ, ನಮ್ಮಜ್ಜಿ ಕೂದಲಾ ಕೆಂಪಾಗೈತಿ. ಅವೆಲ್ಲಾ ಆಸಿಡ್ ಏನ್ರಿ?"

ಒಂದು ಪ್ರಯೋಗ ನಂಬುವ ಮೊದಲು ಬೇರೆ ಕಾರಣ ಇರಬಹುದೇ ಅಂತ ಅನುಮಾನ ಪಡಬೇಕು. ಇದನ್ನು ಎಂಎಸ್ಸಿಯಲ್ಲಿ ಎರಡು ವರ್ಷ ಹೇಳಿದರೂ ನನ್ನ ತಲೆಗೆ ಹೋಗಿರಲಿಲ್ಲ. ಆ ಕೆಂಪು ಧೂಳು ಕಬ್ಬಿಣದ ಆಕ್ಸೈಡು, ಅದರ ಸೂತ್ರ ಎಫ್‌ಈ ಟು ಓ ತ್ರೀ ಅಂತ ಅವತ್ತೇ ಪಾಠ ಮಾಡಿದೆ. ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಮರುದಿನ ಉಳಿದ ಇಪ್ಪತ್ತೈದು ಜನ ಸಾಲಾಗಿ ನಿಂತಿದ್ದರು: "ಮೇಡಂ, ನಮ್ಮನಿ ಕೋಳಿನೂ ಕೆಂಪಗ ಅದಾವ್ರಿ, ನಮಗೂ ಮಾರ್ಕ್ಸ್ ಹಾಕ್ರಿ."

ಪ್ರಿನ್ಸಿಪಾಲರು ಊದಿದ್ದು

ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆ ಅಂತ ತೋರಿಸಬೇಕಿತ್ತು. ಅದಕ್ಕೆ ಸುಣ್ಣದ ತಿಳಿನೀರು ಬೇಕು. ಅದರೊಳಗೆ ಊದಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಲ್ಯಾಬಿನಲ್ಲಿ "ಸುಣ್ಣದ ನೀರು" ಅಂತ ಚೀಟಿ ಅಂಟಿಸಿದ ಬಾಟಲಿ ಇತ್ತು. ಒಳಗೆ ಒಂದು ಸತ್ತ ಜೇಡ ಮಾತ್ರ ಇತ್ತು.

ನಮ್ಮ ಲ್ಯಾಬಿನ ಅಟೆಂಡರ್ ಹಿರಿಯರು, ನಿವೃತ್ತಿಗೆ ಹತ್ತಿರ ಬಂದವರು, ದಿನವಿಡೀ ಎಲೆಯಡಿಕೆ ಹಾಕುವವರು. ನಾನು ಪೇಚಾಡುವುದನ್ನು ನೋಡಿ ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ತಗೋರ್ರಿ ಮೇಡಮ್ಮಾರೆ. ಇಲಾಖೆಯಿಂದ ಬರೋದ್ರಾಗ ನಾನೂ ರಿಟೈರ್ ಆಗ್ತೀನಿ, ನೀವೂ ರಿಟೈರ್ ಆಗ್ತೀರಿ."

ಸುಣ್ಣ ಕಲಕಿ, ತಿಳಿ ಬಸಿದು ಗಾಜಿನ ಕೊಳವೆಗಳಿಗೆ ಹಾಕಿದೆವು. ಸುಣ್ಣ ಕೊಟ್ಟವರಿಗೇ ಮೊದಲ ಮರ್ಯಾದೆ ಅಂತ ಅಟೆಂಡರಿಗೇ ಊದಲು ಹೇಳಿದೆ. ಅವರು ಬಾಯಿ ಮುಕ್ಕಳಿಸಿ ಬಂದು ಸ್ಟ್ರಾ ಇಟ್ಟು ಊದಿದರು. ನೀರು ಬೆಳ್ಳಗಾಯಿತು. ಅವರ ಮುಖವೂ ಬೆಳ್ಳಗಾಯಿತು.

"ಮೇಡಂ, ಖರೆ ಹೇಳ್ರಿ. ನನಗ ಪುಪ್ಪುಸದ ಬ್ಯಾನಿ ಐತೇನು?"

"ಇಲ್ರಿ, ಎಲ್ಲಾರಿಗೂ ಹಂಗ ಆಗ್ತೈತಿ."

ಹುಡುಗಿಯರು ಊದಿದರು. ಎಲ್ಲರದೂ ಬೆಳ್ಳಗಾದ ಮೇಲೆಯೇ ಅವರಿಗೆ ಜೀವ ಬಂತು. ಆ ಗದ್ದಲ ಕೇಳಿ ಪ್ರಿನ್ಸಿಪಾಲರು ಬಂದರು. ಅವರು ಒಳ್ಳೆಯವರು. ಆದರೆ ಬೆಳಗಿನ ಪ್ರಾರ್ಥನೆಯಲ್ಲಿ ಎರಡು ಮಾತು ಅಂತ ಶುರುಮಾಡಿದರೆ ಮೊದಲನೇ ಪಿರಿಯಡ್ ನುಂಗುತ್ತಿದ್ದರು. "ನಾನೂ ಊದ್ತೀನಿ ಕೊಡ್ರಿ" ಅಂತ ಸ್ಟ್ರಾ ತೆಗೆದುಕೊಂಡರು. ನೀರು ಬೆಳ್ಳಗಾಯಿತು. ಸಾಕು ಸರ್ ಅಂದೆ. ಅವರಿಗೆ ಸಾಕು ಅನ್ನುವ ಮಾತು ಯಾವತ್ತೂ ಕೇಳಿಸಿದ್ದಿಲ್ಲ. ಊದಿಯೇ ಊದಿದರು. ಹೆಚ್ಚಿಗೆ ಊದಿದರೆ ಆ ಬಿಳಿ ಪದಾರ್ಥ ಬೇರೊಂದಾಗಿ ನೀರಿನಲ್ಲಿ ಕರಗಿ ಹೋಗುತ್ತದೆ, ನೀರು ಮತ್ತೆ ತಿಳಿಯಾಗುತ್ತದೆ. ಹಾಗೇ ಆಯಿತು.

ಪ್ರಿನ್ಸಿಪಾಲರು ಕೊಳವೆಯನ್ನು ಬೆಳಕಿಗೆ ಹಿಡಿದು ಹೆಮ್ಮೆಯಿಂದ ಹೇಳಿದರು. "ನೋಡ್ರಮ್ಮಾ, ಎಲ್ಲಾರ್ದೂ ಹೊಲಸಾಗೈತಿ. ನಂದೊಂದ ಸ್ವಚ್ಛ."

ಹುಡುಗಿಯರು ತುಟಿ ಕಚ್ಚಿಕೊಂಡರು. ಅಟೆಂಡರು ಮಾತ್ರ ನನ್ನ ಕಡೆ ಬಾಗಿ, ಪಿಸುಮಾತು ಅಂದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಅವ್ರ ಭಾಷಣಾನೂ ಹಂಗರಿ. ಮೊದಲ ಏನೋ ಐತಿ ಅನಸ್ತೈತಿ, ಕಡೀಕ ನೋಡಿದ್ರ ಏನೂ ಉಳಿದಿರಾಂಗಿಲ್ಲ."

ಮೊದಲು ನಕ್ಕವರು ಪ್ರಿನ್ಸಿಪಾಲರೇ. ಆಮೇಲೆ ಲ್ಯಾಬಿಗೆ ಬೇಕಾದ ಸಾಮಾನಿನ ಪಟ್ಟಿಗೆ ನಿಂತಲ್ಲೇ ಸಹಿ ಮಾಡಿದರು. ಪಟ್ಟಿಯಲ್ಲಿ ಸುಣ್ಣ ಬರೆದಿರಲಿಲ್ಲ. ಅಟೆಂಡರು ಅದನ್ನೂ ಸೇರಿಸಿದರು, ಅದರ ಮುಂದೆ ಅಡಿಕೆಯನ್ನೂ ಸೇರಿಸಿದರು.

ಒಂದು ಲೀಟರಿಗೆ ಎರಡೂವರೆ ಕಿಲೋ

ಒಂದು ದಿನ ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಆರಡಿ ಆಳು ನಿಂತಿದ್ದ. ಅಂಗಿ ತುಂಬ ಆಯಿಲ್ ಕಲೆ. ಒಂದು ಕೈಯಲ್ಲಿ ಡೀಸೆಲ್ ಕ್ಯಾನು, ಇನ್ನೊಂದು ಕೈಯಲ್ಲಿ ತರಕಾರಿ ತೂಗುವ ತಕ್ಕಡಿ. ಕುರೆಕುಪ್ಪದ ಹುಡುಗಿಯ ಅಪ್ಪ, ಮೆಕ್ಯಾನಿಕ್.

"ಕೆಮಿಸ್ಟ್ರಿ ಮೇಡಂ ಯಾರ್ರಿ?"

ನಾನು ಎದ್ದು ನಿಂತೆ. ಉಳಿದ ಲೆಕ್ಚರರ್‌ಗಳು ಕೂತಲ್ಲೇ ಸ್ವಲ್ಪ ಹಿಂದೆ ಸರಿದರು.

"ನಮ್ ಹುಡುಗಿಗೆ ನೀವು ಏನ್ರಿ ಹೇಳಿಕೊಟ್ಟೀರಿ? ಒಂದು ಲೀಟರ್ ಡೀಸೆಲ್ ಉರದ್ರ ಎರಡೂವರೆ ಕಿಲೋ ಗ್ಯಾಸ್ ಬರ್ತೈತಿ ಅಂತ ಗ್ಯಾರೇಜಿನಾಗ ಡ್ರೈವರ್‌ಗಳ ಮುಂದ ಹೇಳ್ಯಾಳ. ಎಲ್ಲಾರೂ ಬಿದ್ದು ಬಿದ್ದು ನಕ್ಕರು. ನನಗ ಮುಖ ಎತ್ತಾಕ ಆಗ್ಲಿಲ್ಲ. ನೋಡ್ರಿಲ್ಲಿ." ಅಂದವನೇ ಮೇಜಿನ ಮೇಲೆ ತಕ್ಕಡಿ ಹಿಡಿದು ಡೀಸೆಲ್ ತೂಗಿದ. ಒಂದು ಲೀಟರು ಒಂದು ಕಿಲೋ ಕೂಡ ತೂಗಲಿಲ್ಲ. "ಒಳಗ ಹೋಗೋದು ಒಂದು ಕಿಲೋಕ್ಕಿಂತ ಕಮ್ಮಿ. ಹೊರಗ ಬರೋದು ಎರಡೂವರಿ ಕಿಲೋನಾ? ಹಂಗಿದ್ರ ನಾನ್ಯಾಕ್ರಿ ಗ್ಯಾರೇಜ್ ನಡಸ್ಲಿ, ಹೊಗಿ ಮಾರ್ಕೋಂತ ಕುಂದ್ರತೀನಿ."

ಇಂಥ ಪ್ರಶ್ನೆ ನನ್ನ ವಿದ್ಯಾರ್ಥಿಗಳು ಯಾರೂ ಕೇಳಿರಲಿಲ್ಲ. ಬರೆದುಕೊಂಡು ಬಾಯಿಪಾಠ ಮಾಡಿದ್ದರು ಅಷ್ಟೆ. ಇವನು ತಕ್ಕಡಿ ಹಿಡಿದು ಕೆಲಸ ಬಿಟ್ಟು ಬಂದಿದ್ದ. ಕುರ್ಚಿ ಕೊಟ್ಟು, ಚಹಾ ತರಿಸಿ, ಕಾಗದ ತೆಗೆದುಕೊಂಡೆ. ಡೀಸೆಲ್‌ನೊಳಗಿನ ಇಂಗಾಲ ಹನ್ನೆರಡು ಗ್ರಾಂ ಇದ್ದರೆ, ಅದು ಉರಿಯುವಾಗ ಗಾಳಿಯಿಂದ ಮೂವತ್ತೆರಡು ಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಹೊರಗೆ ಬರುವಾಗ ಎರಡೂ ಸೇರಿ ನಲವತ್ತನಾಲ್ಕು. ಅವನ ಮಗಳನ್ನೂ ಕರೆಸಿದೆ. ಒಂದು ಲೀಟರಿನಲ್ಲಿ ಸುಮಾರು ಏಳುನೂರು ಗ್ರಾಂ ಇಂಗಾಲ ಅಂತ ಹಿಡಿದು ಅವಳೇ ಲೆಕ್ಕ ಬಿಡಿಸಿ ತೋರಿಸಿದಳು. ಎಲ್ಲರೆದುರು ಕೈಯನ್ನು ದುಪಟ್ಟಾದಿಂದ ಹೊರಗೆ ತೆಗೆದು ಬರೆದದ್ದು ಅವತ್ತೇ ಮೊದಲು.

ಅವನು ಆ ಅಂಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಓದಿದ. ಚಹಾ ಆರಿತು. ಆಮೇಲೆ ನಿಧಾನಕ್ಕೆ ಕೇಳಿದ. "ಅಂದ್ರ ಮೇಡಂ, ಇಂಗಾಲ ಅನ್ನೋದು ಖಾಲಿ ಲಾರಿ ಇದ್ದಂಗ?"

"ಹೂಂನ್ರಿ."

"ಇಂಜಿನ್ನಾಗ ಹೋಗಿ ಆಮ್ಲಜನಕ ತುಂಬಿಕೊಂಡು ಹೊರಗ ಬರ್ತೈತಿ?"

"ಬರೋಬ್ಬರಿ."

"ಅದೂ ತನ್ನ ತೂಕಕ್ಕಿಂತ ಎರಡೂವರಿ ಪಟ್ಟು ಜಾಸ್ತಿ?" ಅವನು ಮೇಜು ಗುದ್ದಿ ಎದ್ದ. "ಓವರ್‌ಲೋಡ್!"

ಇಡೀ ಸ್ಟಾಫ್ ರೂಮು ನಕ್ಕಿತು. ಅವನು ನಗಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು, "ಬಾರವ್ವಾ, ಈಗಿಂದೀಗ ಆ ಡ್ರೈವರ್‌ಗಳ ಮುಂದ ನಾನು ಹೇಳ್ತೀನಿ" ಅಂದ. ಮರುವಾರ ನಮ್ಮ ಬಸ್ಸು ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿ ನಿಂತಾಗ, ಪಕ್ಕದ ಲಾರಿಯ ಡ್ರೈವರ್ ಇನ್ನೊಬ್ಬನಿಗೆ ಕೂಗಿ ಹೇಳುತ್ತಿದ್ದ. "ಲೇ, ಇಂಜಿನ್ ಬಂದ್ ಮಾಡಲೇ! ಒಂದು ಲೀಟರಿಗೆ ಎರಡೂವರಿ ಕಿಲೋ ಐತಂತ! ಓವರ್‌ಲೋಡ್ ಅಂತ ನಮ್ಮನ್ನ ಚೆಕ್‌ಪೋಸ್ಟಿನಾಗ ಹಿಡೀತಾರ, ಹೊಗೀನ ಯಾರೂ ಹಿಡ್ಯಂಗಿಲ್ಲ!"

ನನ್ನ ಪಾಠ ನನ್ನ ಬಸ್ಸಿಗಿಂತ ಮೊದಲೇ ಹೊಸಪೇಟೆ ಮುಟ್ಟಿತ್ತು.

ಕಂಪ್ಲಿಯ ಬಿಳಿ ಚಿಮಣಿ

ಉರಿಯುವುದನ್ನು ಕಣ್ಣಾರೆ ನೋಡಲಿ ಅಂತ ಹುಡುಗಿಯರನ್ನು ಕಂಪ್ಲಿಯ ಒಂದು ರೈಸ್ ಮಿಲ್ಲಿಗೆ ಕರೆದುಕೊಂಡು ಹೋಗುವುದೆಂದಾಯಿತು. ಅಲ್ಲಿ ಭತ್ತದ ಹೊಟ್ಟನ್ನೇ ಉರಿಸಿ, ಭತ್ತ ಬೇಯಿಸುವ ಬಾಯ್ಲರ್ ನಡೆಸುತ್ತಾರೆ. ಪ್ರಿನ್ಸಿಪಾಲರು ಸರಕಾರಿ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದರು: "ತಮ್ಮ ಮಿಲ್ಲಿನ ಚಿಮಣಿಯ ಹೊಗೆಯನ್ನು ಪರಿಶೀಲಿಸಲು ನಮ್ಮ ತಂಡ ಬರಲಿದೆ."

ನಾವು ಹೋಗಿ ಇಳಿದರೆ, ಗೇಟಿನಲ್ಲಿ ಮಾವಿನ ತೋರಣ. ಹಣೆ ತುಂಬ ವಿಭೂತಿ ಧರಿಸಿದ ಸಾವ್ಕಾರರು ಹಾರ ಹಿಡಿದು ನಿಂತಿದ್ದರು. ಅಂಗಳ ತೊಳೆದಿತ್ತು. ಚೀಲಗಳನ್ನು ಗೆರೆ ಎಳೆದ ಹಾಗೆ ಪೇರಿಸಿದ್ದರು. ಚಿಮಣಿಗೆ ಬುಡದಿಂದ ತುದಿಯವರೆಗೆ ಸುಣ್ಣ ಬಳಿದು ಅದು ದೀಪಸ್ತಂಭದ ಹಾಗೆ ಹೊಳೆಯುತ್ತಿತ್ತು. ಹೊಗೆ ಮಾತ್ರ ಒಂದೆಳೆಯೂ ಇಲ್ಲ.

"ಬರ್ರಿ, ಬರ್ರಿ, ಕುಂದ್ರಿ. ಮೊದ್ಲು ಮಂಡಕ್ಕಿ, ಮಿರ್ಚಿ ಆಗ್ಲಿ. ನಮ್ಮ ಮಿಲ್ಲಿನಾಗ ಹೊಗಿ ಅಂಬೋದ ಇಲ್ರಿ ಮೇಡಂ. ನೀವ ನೋಡಾಕತ್ತೀರಲ್ಲ."

"ಹೊಗಿ ಇಲ್ಲಂದ್ರ ಬೆಂಕಿ ಎಲ್ಲೈತ್ರಿ?" ಅಂತ ನಮ್ಮ ಹುಡುಗಿಯೊಬ್ಬಳು ಕೇಳಿದಳು.

"ಬೆಂಕಿನೂ ಇಲ್ಲಮ್ಮ! ಏನೂ ಇಲ್ಲ!"

"ಮತ್ತ ಅಕ್ಕಿ ಹೆಂಗ ಆಗ್ತಾವ್ರಿ?"

ಸಾವ್ಕಾರರು ಬೆವರು ಒರೆಸಿಕೊಂಡರು. ಪತ್ರ ಓದಿ ನಮ್ಮನ್ನು ತಪಾಸಣೆಯವರು ಅಂದುಕೊಂಡಿದ್ದಾರೆ ಅಂತ ಆಗ ನನಗೆ ಹೊಳೆಯಿತು. ನಾವು ಮಾಲಿನ್ಯ ನಿಯಂತ್ರಣ ಮಂಡಳಿಯವರಲ್ಲ, ಪಾಠಕ್ಕೆ ಬಂದವರು ಅಂತ ಬಿಡಿಸಿ ಹೇಳಿದೆ. ಅವರು ಹಾರವನ್ನು ಪಕ್ಕದ ಮೊಳೆಗೆ ನೇತುಹಾಕಿ ಹಣೆ ಬಡಿದುಕೊಂಡರು. "ಮೊದಲ ಹೇಳಬಾರದೇನ್ರಿ ತಾಯಿ! ಎರಡು ದಿನಾತು ಮಿಲ್ ಬಂದ್ ಮಾಡಿ ಸುಣ್ಣಾ ಬಳ್ಯಾಕತ್ತೀನಿ!" ಆಳುಗಳನ್ನು ಕೂಗಿ ಬಾಯ್ಲರ್ ಹಚ್ಚಿಸಿದರು. ಅರ್ಧ ತಾಸಿನಲ್ಲಿ ಬಿಳಿ ಚಿಮಣಿಯ ಬಾಯಿ ಕಪ್ಪಾಯಿತು. ನಮ್ಮ ಹುಡುಗಿಯರು ಸಂತೋಷದಿಂದ ಚಪ್ಪಾಳೆ ತಟ್ಟಿದರು. ಹೊಗೆ ಬಂತೆಂದು ಚಪ್ಪಾಳೆ ತಟ್ಟುವವರನ್ನು ಸಾವ್ಕಾರರು ಮೊದಲ ಸಲ ನೋಡಿದ್ದು.

ಚೋರನೂರಿನ ರೈತರ ಮಗಳೊಬ್ಬಳು ಬಾಯ್ಲರಿನ ಮುಂದೆ ನಿಂತು ಎಲ್ಲರಿಗೂ ವಿವರಿಸಿದಳು. "ಕಲ್ಲಿದ್ದಲ ಸುಟ್ರ ಯಾವ್ದೋ ಕಾಲಕ್ಕ ಭೂಮಿಯೊಳಗ ಹೂತಿದ್ದ ಇಂಗಾಲ ಹೊಸದಾಗಿ ಗಾಳಿಗೆ ಬರ್ತೈತಿ. ಆದ್ರ ಈ ಹೊಟ್ಟಿನ ಇಂಗಾಲ ಹೋದ ಹಂಗಾಮಿನಾಗ ಭತ್ತದ ಪೈರು ಗಾಳಿಯಿಂದ ತಗೊಂಡಿದ್ದು. ಅದ ವಾಪಸ್ ಹೋಗ್ತೈತಿ, ಅಷ್ಟ."

ಸಾವ್ಕಾರರ ಕಣ್ಣು ಅರಳಿದವು. "ಅಂದ್ರ ನಂದು ತಪ್ಪಿಲ್ಲ?"

"ಇಂಗಾಲದ್ದು ಇಲ್ರಿ. ಬೂದಿ ಮಾತ್ರ ನಿಮ್ದರಿ. ಪಕ್ಕದ ಓಣ್ಯಾಗ ಒಣಹಾಕಿದ ಬಟ್ಟಿ ಮ್ಯಾಲ ಬೀಳಾಕತ್ತೈತಿ, ನೋಡ್ಕೊಂಡ ಬಂದೀವಿ."

"ಬೂದಿದು ನಾನು ನೋಡ್ಕೋತೀನಿ. ಇಂಗಾಲದ್ದು ಬರ್ದು ಕೊಡ್ರಿ!"

ಹುಡುಗಿಯರು ನಗುತ್ತ, ಸಮೀಕರಣ ಸಮೇತ ಒಂದು ಹಾಳೆ ಬರೆದು ಎಲ್ಲರೂ ಸಹಿ ಹಾಕಿದರು. ಅದನ್ನು ನಾನು ಮರೆತೇಬಿಟ್ಟಿದ್ದೆ. ಕೆಲವು ತಿಂಗಳ ಮೇಲೆ ಸಾವ್ಕಾರರು ಫೋನ್ ಮಾಡಿದರು. ನಿಜವಾದ ತಪಾಸಣೆಯವರು ಬಂದಿದ್ದರಂತೆ. ಬೂದಿ ಹಿಡಿಯುವ ಜಾಲರಿ ಹಾಕಿಸಿದ್ದನ್ನು ನೋಡಿ ಮೆಚ್ಚಿದರಂತೆ. ಆಮೇಲೆ ಗೋಡೆಯ ಮೇಲೆ ಕಟ್ಟು ಹಾಕಿಸಿದ ಹಾಳೆ ನೋಡಿ, "ಇದೇನು?" ಅಂತ ಕೇಳಿದರಂತೆ.

"ನೀವು ಏನಂದ್ರಿ?" ಅಂತ ನಾನು ಗಾಬರಿಯಿಂದ ಕೇಳಿದೆ.

"ಏನಂತೀನ್ರಿ? ನೀವು ಇಬ್ಬರು ಬಂದೀರಿ, ಮೊದಲ ಇಪ್ಪತ್ತಾರು ಮಂದಿ ಸೈಂಟಿಸ್ಟುಗಳು ಬಂದು ಹೋಗ್ಯಾರ ಅಂದೆ."

ಹಂಪಿಯಲ್ಲಿ ಇಂಗ್ಲಿಷು

ಕಂಪ್ಲಿಗೆ ಹೋದ ದಿನವೇ ವಾಪಸು ಬರುವಾಗ ಹಂಪಿಯಲ್ಲಿ ಇಳಿದೆವು. ಒಂದು ಗೆಸ್ಟ್ ಹೌಸಿನ ಜಗುಲಿಯಲ್ಲಿ ಹುಡುಗಿಯರು ಬುತ್ತಿ ಬಿಚ್ಚಿದರು. ಅಲ್ಲಿ ಇಳಿದುಕೊಂಡಿದ್ದ ವಿದೇಶಿ ಹೆಂಗಸೊಬ್ಬಳು ಬಾಡಿಗೆ ಸೈಕಲ್ ನಿಲ್ಲಿಸಿ ನಮ್ಮ ಹತ್ತಿರ ಬಂದು ಕೂತಳು. ವಯಸ್ಸು ಅರವತ್ತರ ಮೇಲೆ. ಆಟೊ ಬಿಟ್ಟು ಈ ಬಿಸಿಲಲ್ಲಿ ಸೈಕಲ್ ಯಾಕೆ ಅಂತ ಹುಡುಗಿಯರಿಗೆ ಕುತೂಹಲ. ಕೇಳಬೇಕೆಂದರೆ ಇಂಗ್ಲಿಷಿಗೆ ನಾಚಿಕೆ. ಒಬ್ಬಳು ಇನ್ನೊಬ್ಬಳನ್ನು ಚಿವುಟಿದಳು, ಇನ್ನೊಬ್ಬಳು ಮತ್ತೊಬ್ಬಳನ್ನು ಚಿವುಟಿದಳು, ಕೊನೆಗೆ ಚಿವುಟಲು ಯಾರೂ ಸಿಗದ ಚೋರನೂರಿನ ಹುಡುಗಿಯೇ ಕೇಳಬೇಕಾಯಿತು.

"ಮೇಡಂ, ವೈ ಸೈಕಲ್?"

ಆಕೆ ನಿಧಾನವಾಗಿ ಬಿಡಿಸಿ ಹೇಳಿದಳು. ತಾನು ವಿಮಾನದಲ್ಲಿ ಬಂದೆ, ಅದರಿಂದ ಬಹಳ ಇಂಗಾಲ ಗಾಳಿಗೆ ಹೋಯಿತು, ಇಲ್ಲಾದರೂ ತನ್ನ ಕಾರ್ಬನ್ ಫುಟ್‌ಪ್ರಿಂಟ್ ಕಡಿಮೆ ಇರಲಿ ಅಂತ ಸೈಕಲ್ಲು. ಕಾರ್ಬನ್ ಅಂದರೆ ಇಂಗಾಲ, ಅದು ಗೊತ್ತಿತ್ತು. ಫುಟ್‌ಪ್ರಿಂಟ್ ಅಂದರೆ ಹೆಜ್ಜೆ ಗುರುತು, ಅದೂ ಗೊತ್ತಿತ್ತು. ಹುಡುಗಿ ಕೆಳಗೆ ನೋಡಿದಳು. ಗೆಸ್ಟ್ ಹೌಸಿನ ಬಿಳಿ ನೆಲದ ಮೇಲೆ ಸಂಡೂರಿನಿಂದ ಬಂದ ಇಪ್ಪತ್ತಾರು ಜೋಡಿ ಚಪ್ಪಲಿಗಳ ಕೆಂಪು ಗುರುತು ಬಾಗಿಲಿನಿಂದ ನಲ್ಲಿಯವರೆಗೆ ಬಿದ್ದಿತ್ತು.

"ಯೂ ಕಾರ್ಬನ್ ಫುಟ್‌ಪ್ರಿಂಟ್, ಮೇಡಂ," ಅಂದಳು ಅವಳು ಗಂಭೀರವಾಗಿ. "ವೀ, ಐರನ್ ಫುಟ್‌ಪ್ರಿಂಟ್. ಎಫ್‌ಈ ಟು ಓ ತ್ರೀ."

ಆಕೆ ನಕ್ಕ ರಭಸಕ್ಕೆ ಕೈಯಲ್ಲಿದ್ದ ಬಾಳೆಹಣ್ಣು ಬಿತ್ತು. ನೋಟ್‌ಬುಕ್ಕಿನಲ್ಲಿ ಆ ಮಾತನ್ನು ಬರೆದುಕೊಂಡು ಹುಡುಗಿಯ ಸಹಿಯನ್ನೂ ಹಾಕಿಸಿಕೊಂಡಳು. ವಾಪಸು ಬಸ್ಸಿನಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಜಗಳ ಆಡಿದರು. ಗೆಸ್ಟ್ ಹೌಸಿನ ಯಜಮಾನ ಮಾತ್ರ ನೆಲ ಒರೆಸುತ್ತ ಕನ್ನಡದಲ್ಲೇ ಬೈದನಂತೆ.

ಎಕ್ಸಾಮಿನರ್ ಕಾರು

ಫಲಿತಾಂಶವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಗುವಿನಲ್ಲಿ ಮರೆತುಹೋದೀತು. ಇಪ್ಪತ್ತಾರು ಹುಡುಗಿಯರಲ್ಲಿ ಒಬ್ಬಳೂ ಕೆಮಿಸ್ಟ್ರಿಯಲ್ಲಿ ಫೇಲಾಗಲಿಲ್ಲ. ಸೆಕ್ಷನ್ ಮುಚ್ಚಲಿಲ್ಲ. ಮುಂದಿನ ವರ್ಷ ಬೆಂಚು ಸಾಲದೆ ಆರ್ಟ್ಸ್‌ನವರಿಂದ ಎರಡು ಕಡ ತಂದೆವು. ಇದನ್ನು ಹೇಳುವಾಗ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಆದರೆ ಅದಕ್ಕೆ ಮೊದಲು ಪ್ರಾಕ್ಟಿಕಲ್ ಪರೀಕ್ಷೆಯ ದಿನ ದಾಟಬೇಕಿತ್ತು.

ಹೊಸಪೇಟೆಯ ಕಾಲೇಜಿನಿಂದ ಬಂದ ಎಕ್ಸಾಮಿನರ್ ಬಹಳ ಕಟ್ಟುನಿಟ್ಟು ಅಂತ ಹೆಸರಾದವರು. ಹಳೆಯ ಡೀಸೆಲ್ ಕಾರಿನಲ್ಲಿ, ಹಿಂದೆ ಕಪ್ಪು ಮೋಡ ಎಳೆದುಕೊಂಡು ಬಂದರು. ಮುಖದಲ್ಲಿ ನಗು ಇಲ್ಲ, ಬಾಯಲ್ಲಿ ಕನ್ನಡ ಇಲ್ಲ. ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ, ಶುರುವಾಯಿತು. ಮೊದಲ ಹುಡುಗಿ ತನ್ನ ಹೆಸರನ್ನೇ ತಪ್ಪು ಹೇಳಿದಳು. ಎರಡನೆಯವಳು ಅತ್ತಳು. ಮೂರನೆಯವಳು ಎಲ್ಲದಕ್ಕೂ "ಯೆಸ್ ಸರ್" ಅಂದಳು. ಏನಾದರೂ ಹೇಳಿಕೊಡೋಣವೆಂದರೆ ನನಗೆ ಬಾಯಿ ತೆಗೆಯುವಂತಿಲ್ಲ. ಸೆರಗಿನ ಚುಂಗು ಕಚ್ಚಿಕೊಂಡು ನಿಂತಿದ್ದೆ. ಎರಡು ವರ್ಷದ ಕೆಲಸ ನನ್ನ ಕಣ್ಣೆದುರೇ ಹೊಗೆಯಾಗುತ್ತಿತ್ತು.

ನಾಲ್ಕನೆಯವಳು ಮೆಕ್ಯಾನಿಕ್ ಮಗಳು.

"ಗಿವ್ ಆನ್ ಎಕ್ಸಾಂಪಲ್ ಆಫ್ ಇನ್‌ಕಂಪ್ಲೀಟ್ ಕಂಬಶ್ಚನ್," ಅಂದರು. ಅಂದರೆ, ಗಾಳಿ ಸಾಲದೆ ಅರ್ಧಂಬರ್ಧ ಉರಿಯುವುದಕ್ಕೆ ಒಂದು ಉದಾಹರಣೆ.

ಅವಳು ಕಿಟಕಿಯ ಹೊರಗೆ ನೋಡಿದಳು.

"ಯೂ ಡೋಂಟ್ ನೋ?"

"ಗೊತ್ತೈತ್ರಿ ಸರ್. ಹೇಳಿದ್ರ ನೀವು ಮಾರ್ಕ್ಸ್ ಕಟ್ ಮಾಡ್ತೀರಿ ಅಂತ ಅಂಜಿಕಿ."

"ಸರಿ ಉತ್ತರಕ್ಕೆ ಯಾಕಮ್ಮ ಕಟ್ ಮಾಡ್ಲಿ?" ಅವರ ಬಾಯಿಂದ ಕನ್ನಡ ಬಂದದ್ದು ಆಗಲೇ.

"ನಿಮ್ಮ ಕಾರ್ರಿ ಸರ್."

ಎಕ್ಸಾಮಿನರ್ ಪೆನ್ನು ಕೆಳಗಿಟ್ಟರು. "ಹೇಗೆ ಹೇಳ್ತೀಯ?"

"ಮುಂಜಾನೆ ಬರುವಾಗ ಕರಿ ಹೊಗಿ ಬಿಟ್ಟಿತ್ರಿ. ಕರೇದು ಅಂದ್ರ ಉರೀದ ಉಳಿದ ಇಂಗಾಲ. ಜೊತಿಗೆ ಕಾರ್ಬನ್ ಮೊನಾಕ್ಸೈಡೂ ಇರ್ತೈತಿ. ನಮ್ಮ ಕಡೆ ಧೂಳಿಗೆ ಏರ್ ಫಿಲ್ಟರ್ ಕಟ್ಟೈತಿ ಸರ್, ಇಂಜಿನ್ನಿಗೆ ಉಸಿರು ಸಾಲವಲ್ದು. ಈಚೀಚೆಗೆ ಡೀಸೆಲ್ ಭಾಳ ಕುಡ್ಯಾಕತ್ತಿರಬೇಕಲ್ರಿ?"

ಎಕ್ಸಾಮಿನರ್ ಎದ್ದುನಿಂತರು. ಮುಗೀತು ಅಂದುಕೊಂಡೆ ನಾನು. ಅವರು ಬಾಗಿಲ ಕಡೆ ನಡೆದು, "ಬಾ, ತೋರಿಸು" ಅಂದರು.

ಪರೀಕ್ಷೆ ನಿಂತಿತು. ಕಿಟಕಿಗಳ ತುಂಬ ಮುಖಗಳು. ಆ ಹುಡುಗಿ ಬಾನೆಟ್ ಎತ್ತಿ, ಕ್ಲಿಪ್ಪು ಬಿಚ್ಚಿ, ಫಿಲ್ಟರ್ ಹೊರಗೆ ತೆಗೆದು ಕಲ್ಲಿಗೆ ಎರಡು ಸಲ ತಟ್ಟಿದಳು. ನೆಲದ ಮೇಲೆ ಕೆಂಪು ಧೂಳಿನ ಪುಟ್ಟ ಗುಡ್ಡೆಯೇ ಬಿತ್ತು. ಮತ್ತೆ ಕೂರಿಸಿ, "ಸ್ಟಾರ್ಟ್ ಮಾಡ್ರಿ ಸರ್" ಅಂದಳು. ಗಾಡಿ ಗುರ್ ಅಂದಿತು. ಹೊಗೆ ತೆಳ್ಳಗಾಗಿತ್ತು.

ಆದರೂ ಎಕ್ಸಾಮಿನರ್ ಎಕ್ಸಾಮಿನರೇ. "ಈಕ್ವೇಷನ್?" ಅಂದರು.

ಅಲ್ಲಿ ಕಾಗದ ಇರಲಿಲ್ಲ. ಅವಳು ಬಾನೆಟ್ಟಿನ ಧೂಳಿನ ಮೇಲೆ ಗ್ರೀಸು ಹತ್ತಿದ ಬೆರಳಿನಿಂದ ಬರೆದಳು. ಪೂರ್ತಿ ಉರಿದರೆ ಒಂದು ಸಾಲು, ಅರ್ಧ ಉರಿದರೆ ಇನ್ನೊಂದು ಸಾಲು, ಎರಡೂ ಕಡೆ ಪರಮಾಣುಗಳ ಲೆಕ್ಕ ಸಮ. ಅಷ್ಟೂ ಜನರ ಎದುರಿಗೆ ಆ ಕೈ ಒಂದಿಷ್ಟೂ ಮುದುಡಲಿಲ್ಲ. ನನಗೆ ಕಣ್ಣು ಮಂಜಾಯಿತು, ಧೂಳು ಅಂತ ಎಲ್ಲರಿಗೂ ಹೇಳಿದೆ.

ಅವಳಿಗೆ ಪೂರ್ತಿ ಅಂಕ ಬಿತ್ತು. ಎಕ್ಸಾಮಿನರ್ ಕೈ ತೊಳೆದು ಲ್ಯಾಬಿಗೆ ಬಂದು ಕೂತಾಗ ಬೇರೆ ಮನುಷ್ಯರೇ ಆಗಿದ್ದರು. ಅತ್ತ ಹುಡುಗಿಯನ್ನು ಮತ್ತೆ ಕರೆದು, ಮನೆಯ ಒಲೆಯ ಬಗ್ಗೆ ಕನ್ನಡದಲ್ಲೇ ಕೇಳಿದರು. ಅವಳು ಹತ್ತು ನಿಮಿಷ ಬಿಡದೆ ಹೇಳಿದಳು. ಮೊದಲನೆಯವಳು, ಮೂರನೆಯವಳು ಕೂಡ ಸುಧಾರಿಸಿಕೊಂಡು ಪಟಪಟನೆ ಉತ್ತರ ಕೊಟ್ಟರು.

ಆಮೇಲೆ ಐದನೆಯವಳು ಬಂದಳು. ಹೊಸಪೇಟೆಯಲ್ಲಿ ಅಪ್ಪ ಅಂಗಡಿ ಇಟ್ಟುಕೊಂಡಿದ್ದ, ಇಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದ ಸಣ್ಣ ದನಿಯ ಹುಡುಗಿ. ಎಕ್ಸಾಮಿನರ್ ಅವಳನ್ನು ಸ್ವಲ್ಪ ಅನುಮಾನದಿಂದ ನೋಡಿ, ಪುಸ್ತಕ ಮುಚ್ಚಿ, ಮೊದಲ ಪ್ರಶ್ನೆ ಕೇಳಿದರು.

"ನಿಮ್ಮಪ್ಪ ಏನು ಕೆಲಸ ಮಾಡ್ತಾರಮ್ಮ?"

"ವಾಹನದ ಹೊಗಿ ಚೆಕ್ ಮಾಡಿ ಎಮಿಷನ್ ಸರ್ಟಿಫಿಕೇಟ್ ಕೊಡ್ತಾರ್ರಿ ಸರ್."

ಎಕ್ಸಾಮಿನರ್ ಕನ್ನಡಕ ತೆಗೆದು ಒರೆಸಿದರು. ಬಾಗಿಲ ಕಡೆ ನೋಡಿದರು, ನನ್ನ ಕಡೆ ನೋಡಿದರು, ಆಮೇಲೆ ಮುಂದಕ್ಕೆ ಬಾಗಿ ಮೆಲ್ಲಗೆ ಎರಡನೇ ಪ್ರಶ್ನೆ ಕೇಳಿದರು.

"ಭಾನುವಾರ ಅಂಗಡಿ ತೆಗೆದಿರುತ್ತೇನಮ್ಮ?"

ಎರಡು ವರ್ಷದಲ್ಲಿ ನಾನು ಹೇಳಿಕೊಡದೆ ಬಿಟ್ಟ ಪ್ರಶ್ನೆ ಅದೊಂದೇ. ಅದಕ್ಕೂ ಅವಳು ಸರಿಯಾದ ಉತ್ತರವನ್ನೇ ಹೇಳಿದಳು.